ಸಂಬಳ ಬಾಕಿ ಉಳಿದಿದೆಯೇ? ಕರ್ನಾಟಕದ ನೌಕರರಿಗೆ ವಸೂಲಿಯ ಹಂತ ಹಂತದ ಸಮಗ್ರ ಮಾರ್ಗದರ್ಶಿ

ತಿಂಗಳ ಸಂಬಳಕ್ಕೆ ದುಡಿಯುವವರಿಗೆ ಮುಂದಿನ ತಿಂಗಳ ಏಳನೆಯ ತಾರೀಕು ಮುಗಿಯುವುದರೊಳಗೆ ಸಂಬಳ ಕೊಡಬೇಕು. ಇದು ಕಾನೂನು. ವ್ಯಾಪಾರ ಬಿದ್ದುಹೋಗಿದೆ, ಪಾರ್ಟಿಯಿಂದ ಹಣ ಬಂದಿಲ್ಲ, ಲೆಕ್ಕ ಬರೆಯುವವರು ರಜೆಯಲ್ಲಿದ್ದಾರೆ ಎಂಬ ಯಾವ ಸಬೂಬಿನಿಂದಲೂ ಆ ತಾರೀಕು ಮುಂದಕ್ಕೆ ಹೋಗುವುದಿಲ್ಲ. ಹಾಗಿದ್ದರೂ ಬಾಕಿ ಸಂಬಳ ಕೇಳಲು ಹೋಗುವವರು ಕೈಗಡ ಕೇಳಲು ಬಂದವರಂತೆ ಬಾಗಿಲಲ್ಲೇ ಅಳುಕುತ್ತಾ ನಿಲ್ಲುತ್ತಾರೆ. ಇಲ್ಲಿ ಸಾಲಗಾರ ಮಾಲೀಕ. ನೀವು ಕೆಲಸ ಮಾಡಿ ಮುಗಿಸಿದ ದಿನವೇ ಆ ಸಾಲ ಹುಟ್ಟಿದೆ.

ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಯಂತ್ರದ ಮುಂದೆ ಕೂರುವವರು, ಚಿಕ್ಕಪೇಟೆಯ ಬಟ್ಟೆ ಅಂಗಡಿಯಲ್ಲಿ ನಿಂತೇ ದಿನ ಕಳೆಯುವವರು, ಹುಬ್ಬಳ್ಳಿಯ ಗೋದಾಮಿನ ಹಮಾಲರು, ಆಸ್ಪತ್ರೆಗಳ ಹೌಸ್‌ಕೀಪಿಂಗ್‌ನವರು, ಅಪಾರ್ಟ್‌ಮೆಂಟ್ ಗೇಟಿನ ಸೆಕ್ಯುರಿಟಿ ಗಾರ್ಡ್‌ಗಳು, ಇವರೆಲ್ಲರನ್ನೂ ಮನಸ್ಸಿನಲ್ಲಿಟ್ಟು ಇದನ್ನು ಬರೆದಿದ್ದೇನೆ. ಇವರ ಪರವಾಗಿ ಕಾನೂನಿನಲ್ಲಿ ಸಾಕಷ್ಟು ಬಲವಿದೆ. ಪ್ರಕರಣ ಬಿದ್ದುಹೋಗುವುದು ಹೆಚ್ಚಾಗಿ ಕೈಯಲ್ಲಿ ಕಾಗದವಿಲ್ಲದ ಕಾರಣಕ್ಕೆ. ಆದ್ದರಿಂದ ಈ ಮಾರ್ಗದರ್ಶಿಯ ಅರ್ಧ ಭಾಗ ಕಾಗದದ ಬಗ್ಗೆಯೇ ಇದೆ.

ಮೊದಲು ತಿಳಿದಿರಲಿ: ಈಗ ಯಾವ ಕಾನೂನು ನಡೆಯುತ್ತಿದೆ

2025ರ ನವೆಂಬರ್ 21ರಂದು ಕೇಂದ್ರ ಸರ್ಕಾರ ನಾಲ್ಕು ಕಾರ್ಮಿಕ ಸಂಹಿತೆಗಳನ್ನು ಜಾರಿಗೆ ತಂದಿತು. ಸಂಬಳಕ್ಕೆ ಸಂಬಂಧಿಸಿದ್ದು 2019ರ ವೇತನ ಸಂಹಿತೆ. 1936ರ ವೇತನ ಪಾವತಿ ಕಾಯ್ದೆ, 1948ರ ಕನಿಷ್ಠ ವೇತನ ಕಾಯ್ದೆ, 1965ರ ಬೋನಸ್ ಕಾಯ್ದೆ ಮತ್ತು 1976ರ ಸಮಾನ ಸಂಭಾವನೆ ಕಾಯ್ದೆ, ಈ ನಾಲ್ಕೂ ಅದರಲ್ಲಿ ಸೇರಿಹೋಗಿವೆ. ಹಳೆಯ ಕಾಯ್ದೆಗಳ ಅಡಿ ಹೊರಟ ಅಧಿಸೂಚನೆಗಳು ಹೊಸ ಸಂಹಿತೆಗೆ ವಿರುದ್ಧವಾಗಿಲ್ಲದಷ್ಟು ಮಟ್ಟಿಗೆ ಮುಂದುವರಿಯುತ್ತವೆ. ಹಾಗಾಗಿ ‘ಹಳೇ ಕಾಯ್ದೆ ಹೋಯಿತು, ಕನಿಷ್ಠ ವೇತನವೂ ಹೋಯಿತು’ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಅಂಗಡಿ, ಹೋಟೆಲು, ಖಾಸಗಿ ಕಚೇರಿಗಳಿಗೆ ನಮ್ಮ ರಾಜ್ಯದ್ದೇ ಆದ 1961ರ ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯೂ ಇದೆ. ನೇಮಕಾತಿ ಪತ್ರ, ವಾರದ ರಜೆ, ಗಳಿಕೆ ರಜೆ, ಕೆಲಸದಿಂದ ತೆಗೆಯುವ ಕ್ರಮ, ಇವೆಲ್ಲ ಅದರಲ್ಲಿ ಬರುತ್ತವೆ.

ಒಂದು ಬದಲಾವಣೆಯನ್ನು ಐಟಿ ಕಂಪನಿಗಳವರೂ ಗಮನಿಸಬೇಕು. ಹಳೆಯ ವೇತನ ಪಾವತಿ ಕಾಯ್ದೆ ತಿಂಗಳಿಗೆ 24,000 ರೂಪಾಯಿಯವರೆಗಿನ ಸಂಬಳದಾರರಿಗೆ ಮಾತ್ರ ಅನ್ವಯಿಸುತ್ತಿತ್ತು. ವೇತನ ಸಂಹಿತೆಯ ಸಂಬಳ ಪಾವತಿ ನಿಯಮಗಳಿಗೆ ಆ ಮಿತಿಯಿಲ್ಲ. ಮೇಲ್ವಿಚಾರಕರು, ವ್ಯವಸ್ಥಾಪಕರು ಕೂಡ ಇದರೊಳಗೆ ಬರುತ್ತಾರೆ. ಅಪ್ರೆಂಟಿಸ್ ಕಾಯ್ದೆಯಡಿ ತರಬೇತಿಯಲ್ಲಿರುವವರು ಬರುವುದಿಲ್ಲ.

ಹಂತ 1: ಅಲ್ಲಿ ಕೆಲಸ ಮಾಡಿದ್ದೀರಿ ಎಂಬುದಕ್ಕೆ ಸಾಕ್ಷಿ ಕಟ್ಟಿಕೊಳ್ಳಿ

ಸಂಬಳ ಕೊಟ್ಟಿದ್ದೇನೆ ಎಂದು ರುಜುವಾತು ಮಾಡುವ ಹೊಣೆ ಮಾಲೀಕನದು. ವೇತನ ಸಂಹಿತೆಯ 59ನೇ ಕಲಮು ಇದನ್ನು ಸ್ಪಷ್ಟವಾಗಿ ಹೇಳುತ್ತದೆ. ಈ ಕಲಮಿನ ಮುಂದೆ ಮಾಲೀಕನಿಗೆ ಉಳಿಯುವ ಸುಲಭದ ದಾರಿ ಒಂದೇ: ‘ಇವರು ನಮ್ಮಲ್ಲಿ ಕೆಲಸಕ್ಕೇ ಇರಲಿಲ್ಲ’ ಎನ್ನುವುದು. ಆ ದಾರಿಯನ್ನು ನೀವು ಮೊದಲೇ ಮುಚ್ಚಬೇಕು.

ಅಂಗಡಿ ಕಾಯ್ದೆಯ ಪ್ರಕಾರ ಕೆಲಸಕ್ಕೆ ಸೇರಿದ 30 ದಿನಗಳೊಳಗೆ ನೇಮಕಾತಿ ಆದೇಶ ಕೊಡಬೇಕು. ಹೊಸ ಸಂಹಿತೆಗಳಲ್ಲಿಯೂ ನೇಮಕಾತಿ ಪತ್ರ ಕಡ್ಡಾಯ. ಸಂಬಳ ಚೀಟಿಯೂ ಕಡ್ಡಾಯ. ಕೇಳಿ ಪಡೆಯಿರಿ. ಕೊಡುವುದಿಲ್ಲ ಎಂದರೆ ಸುಮ್ಮನಾಗಬೇಡಿ. ಬೇರೆ ಕಡೆಯಿಂದ ಸಾಕ್ಷಿ ಕೂಡಿಸಿ. ಇಎಸ್‌ಐ ಕಾರ್ಡಿನ ದಾಖಲೆಯಲ್ಲಿ ಸಂಸ್ಥೆಯ ಹೆಸರಿರುತ್ತದೆ. ಪಿಎಫ್ ಪಾಸ್‌ಬುಕ್ಕನ್ನು ಉಮಂಗ್ ಆ್ಯಪ್‌ನಲ್ಲಿ ತೆರೆದರೆ ಯಾವ ಸಂಸ್ಥೆ ಯಾವ ತಿಂಗಳು ಎಷ್ಟು ಕಟ್ಟಿದೆ ಎಂಬುದು ಸಾಲುಸಾಲಾಗಿ ಕಾಣುತ್ತದೆ. ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಸಂಬಳ ಜಮೆಯಾದ ನಮೂದು, ಗುರುತಿನ ಚೀಟಿ, ಗೇಟ್ ಪಾಸ್, ಯಾರ ಡ್ಯೂಟಿ ಎಲ್ಲಿ ಎಂದು ಸೂಪರ್‌ವೈಸರ್ ವಾಟ್ಸ್ಆ್ಯಪ್ ಗುಂಪಿನಲ್ಲಿ ಹಾಕಿದ ಸಂದೇಶ, ಇವೆಲ್ಲ ಸಾಕ್ಷಿಯೇ. ಕೆಲಸ ಬಿಟ್ಟ ದಿನವೇ ಆ ಗುಂಪಿನಿಂದ ನಿಮ್ಮನ್ನು ತೆಗೆದುಹಾಕುತ್ತಾರೆ. ಆದ್ದರಿಂದ ಚಿತ್ರಗಳನ್ನು ಮೊದಲೇ ತೆಗೆದು ಮನೆಯವರ ಮೊಬೈಲಿಗೂ ಕಳುಹಿಸಿಡಿ.

ಇದಕ್ಕಿಂತ ಗಟ್ಟಿಯಾದದ್ದು ನಿಮ್ಮದೇ ಹಾಜರಿ ಪುಸ್ತಕ. ಹತ್ತು ರೂಪಾಯಿಯ ನೋಟ್‌ಬುಕ್ ಸಾಕು. ತಾರೀಕು, ಒಳಗೆ ಹೋದ ವೇಳೆ, ಹೊರಗೆ ಬಂದ ವೇಳೆ, ಯಾವ ಕೆಲಸ, ಯಾರು ಹೇಳಿದರು. ಅಂದಂದೇ ಬರೆಯಿರಿ. ತಿಂಗಳ ಕೊನೆಗೆ ಕುಳಿತು ಒಂದೇ ಪೆನ್ನಿನಲ್ಲಿ ಒಂದೇ ಸಮನೆ ಬರೆದ ಪುಟ ನೋಡಿದ ತಕ್ಷಣ ಗೊತ್ತಾಗುತ್ತದೆ. 2020ರ ಡಿಸೆಂಬರಿನಲ್ಲಿ ಕೋಲಾರದ ನರಸಾಪುರದ ಮೊಬೈಲ್ ತಯಾರಿಕಾ ಘಟಕದಲ್ಲಿ ಸಾವಿರಾರು ಗುತ್ತಿಗೆ ಕಾರ್ಮಿಕರ ಆಕ್ರೋಶ ಸ್ಫೋಟಿಸಿದಾಗ ಅದರ ಬುಡದಲ್ಲಿದ್ದದ್ದು ಹಾಜರಾತಿಯ ಮತ್ತು ಓಟಿಯ (ಹೆಚ್ಚುವರಿ ಗಂಟೆಗಳ ಕೆಲಸದ) ಲೆಕ್ಕದ ಗೊಂದಲ. ಯಂತ್ರ ಎಷ್ಟು ಗಂಟೆ ಎಂದು ತೋರಿಸುತ್ತದೋ ಅಷ್ಟೇ ಸಂಬಳ ಎಂದಾದಾಗ, ಯಂತ್ರ ತಪ್ಪಿದರೆ ಎದುರಿಗೆ ಹಿಡಿಯಲು ನಿಮ್ಮ ಬಳಿ ಇನ್ನೊಂದು ಲೆಕ್ಕ ಬೇಕು.

ಖಾಲಿ ಕಾಗದಕ್ಕೆ, ತಾರೀಕಿಲ್ಲದ ರಾಜೀನಾಮೆಗೆ ಎಂದೂ ಸಹಿ ಹಾಕಬೇಡಿ. ಕೆಲಸಕ್ಕೆ ಸೇರುವಾಗಲೇ ಇಂಥ ಹಾಳೆಗೆ ಸಹಿ ಹಾಕಿಸಿಕೊಳ್ಳುವವರಿದ್ದಾರೆ. ಈಗಾಗಲೇ ಹಾಕಿದ್ದರೆ ಯಾವಾಗ, ಯಾರ ಮುಂದೆ ಎಂಬುದನ್ನು ನೋಟ್‌ಬುಕ್ಕಿನಲ್ಲಿ ಬರೆದಿಡಿ.

ಹಂತ 2: ನಿಮಗೆ ಬರಬೇಕಾದ್ದು ಎಷ್ಟು ಎಂದು ತಿಳಿಯಿರಿ

ಕನಿಷ್ಠ ವೇತನವನ್ನು ರಾಜ್ಯ ಸರ್ಕಾರ ಉದ್ಯೋಗವಾರು, ಕೌಶಲವಾರು, ವಲಯವಾರು ನಿಗದಿ ಮಾಡುತ್ತದೆ. ಬೆಂಗಳೂರಿನ ದರ ಬೇರೆ, ತಾಲ್ಲೂಕು ಕೇಂದ್ರದ್ದು ಬೇರೆ. ಮೂಲ ವೇತನದ ಮೇಲೆ ಪ್ರತಿ ವರ್ಷ ಏಪ್ರಿಲ್ 1ರಿಂದ ಬೆಲೆ ಸೂಚ್ಯಂಕಕ್ಕೆ ತಕ್ಕಂತೆ ವ್ಯತ್ಯಸ್ತ ತುಟ್ಟಿಭತ್ಯೆ ಏರುತ್ತದೆ. ಗಾರ್ಮೆಂಟ್ಸ್‌ನವರು ಇದನ್ನೇ ವಿಡಿಎ ಎನ್ನುತ್ತಾರೆ. ಕಾರ್ಮಿಕ ಇಲಾಖೆಯ ಜಾಲತಾಣದಲ್ಲಿ ನಿಮ್ಮ ಉದ್ಯೋಗದ ಚಾಲ್ತಿ ದರಪಟ್ಟಿ ಸಿಗುತ್ತದೆ. ಕಾರ್ಮಿಕ ನಿರೀಕ್ಷಕರ ಕಚೇರಿಯಲ್ಲೂ ಕೇಳಬಹುದು. ಹೋದ ವರ್ಷದ ಪಟ್ಟಿ ಹಿಡಿದು ಲೆಕ್ಕ ಹಾಕಬೇಡಿ.

ಈ ವಿಡಿಎ ಸಣ್ಣ ಮೊತ್ತವೆಂದು ಬಿಡುವವರಿಗೆ ಒಂದು ಘಟನೆ ನೆನಪಿಸುತ್ತೇನೆ. 2020ರ ಏಪ್ರಿಲ್‌ನಲ್ಲಿ ಏರಬೇಕಿದ್ದ ವಿಡಿಎ ತಿಂಗಳಿಗೆ ಸುಮಾರು 417 ರೂಪಾಯಿ. ಕೋವಿಡ್ ಹೆಸರಿನಲ್ಲಿ ಸರ್ಕಾರ ಅದನ್ನು ಮುಂದೂಡಿತು, ಹೈಕೋರ್ಟ್ ಆ ಆದೇಶಕ್ಕೆ ತಡೆ ನೀಡಿತು, ಆದರೂ ರಾಜ್ಯದ ಬಹುತೇಕ ಗಾರ್ಮೆಂಟ್ಸ್ ಕಾರ್ಖಾನೆಗಳು ಕೊಡಲಿಲ್ಲ. ಲಕ್ಷಾಂತರ ಮಂದಿಯ, ಅದರಲ್ಲೂ ಹೆಣ್ಣುಮಕ್ಕಳ ಹಣ ಅದು. ಕಾರ್ಮಿಕ ಸಂಘಟನೆಗಳು ಬೆನ್ನು ಬಿಡದೆ ಹೋರಾಡಿದ ಮೇಲೆ, ವಿದೇಶಿ ಬ್ರ್ಯಾಂಡ್‌ಗಳ ಮೇಲೂ ಒತ್ತಡ ಬಿದ್ದ ಮೇಲೆ, 2022ರ ಹೊತ್ತಿಗೆ ದೊಡ್ಡ ಕಾರ್ಖಾನೆಗಳು ಬಾಕಿ ಕೊಡಲು ಮುಂದಾದವು. ತಿಂಗಳಿಗೆ 417 ಎಂಬುದು ಎರಡು ವರ್ಷಕ್ಕೆ ಹತ್ತು ಸಾವಿರ ದಾಟುತ್ತದೆ.

ಓಟಿಯ ಲೆಕ್ಕ ಇನ್ನೂ ದೊಡ್ಡದು. ಹೆಚ್ಚುವರಿ ಗಂಟೆಗೆ ಮಾಮೂಲು ದರದ ಎರಡು ಪಟ್ಟು ಕೊಡಬೇಕು. ಅನೇಕ ಕಡೆ ಒಂದು ಪಟ್ಟು ಕೊಟ್ಟು ಕೈ ತೊಳೆದುಕೊಳ್ಳುತ್ತಾರೆ, ಕೆಲವು ಕಡೆ ಕಾಫಿ ತಿಂಡಿಯಲ್ಲಿ ಮುಗಿಸುತ್ತಾರೆ. ಉದಾಹರಣೆಗೆ ಸಂಬಳ 15,600 ಎಂದಿಟ್ಟುಕೊಳ್ಳಿ. 26ರಿಂದ ಭಾಗಿಸಿದರೆ ದಿನಕ್ಕೆ 600, ಎಂಟು ಗಂಟೆಯ ದಿನವಾದರೆ ಗಂಟೆಗೆ 75. ಓಟಿ ಗಂಟೆಗೆ 150. ತಿಂಗಳಿಗೆ 40 ಗಂಟೆ ಹೆಚ್ಚು ಮಾಡಿದವರಿಗೆ 6,000 ಬರಬೇಕು. ಒಂದು ಪಟ್ಟು ಮಾತ್ರ ಕೊಟ್ಟಿದ್ದರೆ ಬಾಕಿ ತಿಂಗಳಿಗೆ 3,000. ಮೂರು ವರ್ಷಕ್ಕೆ 1,08,000. ನನ್ನ ಪ್ರಕಾರ ಸಂಬಳದ ಅರ್ಜಿಗಳಲ್ಲಿ ಅತಿ ಹೆಚ್ಚು ಹಣ ಕೈತಪ್ಪುವುದು ಇಲ್ಲಿಯೇ, ಏಕೆಂದರೆ ಓಟಿಯನ್ನು ಯಾರೂ ಬಾಕಿ ಎಂದೇ ಎಣಿಸುವುದಿಲ್ಲ.

ಇದರ ಜೊತೆಗೆ ಬಳಸದ ಗಳಿಕೆ ರಜೆ (ಅಂಗಡಿ ಕಾಯ್ದೆಯಲ್ಲಿ 20 ದಿನ ಕೆಲಸಕ್ಕೆ ಒಂದು ದಿನ), ಅರ್ಹರಿಗೆ ಶೇ 8.33ಕ್ಕೆ ಕಡಿಮೆಯಿಲ್ಲದ ಬೋನಸ್, ಐದು ವರ್ಷ ತುಂಬಿದವರಿಗೆ ವರ್ಷಕ್ಕೆ 15 ದಿನದ ಲೆಕ್ಕದಲ್ಲಿ ಗ್ರಾಚ್ಯುಟಿ, ಇವನ್ನೂ ಸೇರಿಸಿ ನೋಡಿ. ನಿಗದಿತ ಅವಧಿಯ ಒಪ್ಪಂದದ ನೌಕರರಿಗೆ ಈಗ ಒಂದು ವರ್ಷಕ್ಕೇ ಗ್ರಾಚ್ಯುಟಿಯ ಹಕ್ಕು ಬರುತ್ತದೆ.

ಹಂತ 3: ಸಂಬಳ ಚೀಟಿಯ ಕಡಿತಗಳನ್ನು ಒಂದೊಂದಾಗಿ ಓದಿ

ಕಡಿತದ ಕಾಲಂ ಮೇಲೆ ಬೆರಳಿಟ್ಟು ಓದಿ. ಪಿಎಫ್ ಶೇ 12, ಇಎಸ್‌ಐ ಶೇ 0.75, ವೃತ್ತಿ ತೆರಿಗೆ, ಇವು ಸರಿ. ಕಾರ್ಮಿಕ ಕಲ್ಯಾಣ ನಿಧಿಗೆ ವರ್ಷಕ್ಕೊಮ್ಮೆ ಸಣ್ಣ ಮೊತ್ತ ಕಡಿತವಾದರೆ ಅದೂ ಸರಿ. ಆ ನಿಧಿಯಿಂದ ಮಕ್ಕಳ ಶಿಕ್ಷಣಕ್ಕೆ ಸಹಾಯಧನ ಸಿಗುತ್ತದೆ, ಅರ್ಜಿ ಹಾಕಿ. ಆದರೆ ಪಿಎಫ್ ಎಂದು ಕಡಿದು ಪಾಸ್‌ಬುಕ್ಕಿನಲ್ಲಿ ಆ ತಿಂಗಳು ಖಾಲಿ ಇದ್ದರೆ ಅದು ಲೆಕ್ಕದ ತಪ್ಪಲ್ಲ, ನಿಮ್ಮ ಹಣ ಬೇರೆ ಕಡೆ ಹೋಗಿದೆ. ಪಿಎಫ್ ಕಚೇರಿಗೆ ಪ್ರತ್ಯೇಕ ದೂರು ಕೊಡಿ. ಮಾಲೀಕನ ಪಾಲಿನ ಪಿಎಫ್ಅನ್ನೂ ನಿಮ್ಮ ಸಂಬಳದಿಂದಲೇ ಕಡಿಯುವಂತಿಲ್ಲ.

ದಂಡದ ವಿಷಯದಲ್ಲಿ ಕಾನೂನು ಬಿಗಿಯಾಗಿದೆ. ಯಾವ ತಪ್ಪಿಗೆ ದಂಡ ಎಂದು ಸರ್ಕಾರದ ಒಪ್ಪಿಗೆ ಪಡೆದು ಗೋಡೆಗೆ ಹಾಕಿರಬೇಕು, ನಿಮ್ಮ ಮಾತು ಕೇಳಿರಬೇಕು, ಒಟ್ಟು ದಂಡ ಆ ಅವಧಿಯ ಸಂಬಳದ ಶೇ 3 ಮೀರಬಾರದು. ಹತ್ತು ನಿಮಿಷ ತಡವಾಗಿ ಬಂದದ್ದಕ್ಕೆ ಅರ್ಧ ದಿನದ ಸಂಬಳ, ಒಂದು ದಿನದ ಗೈರುಹಾಜರಿಗೆ ಎರಡು ದಿನದ ಸಂಬಳ ಹಿಡಿಯುವುದು ಅಕ್ರಮ; ಬಾರದ ಹೊತ್ತಿಗೆ ತಕ್ಕಷ್ಟೇ ಕಡಿಯಬೇಕು. ಸಾಮಾನು ಒಡೆಯಿತು, ಸ್ಟಾಕ್ ಕಡಿಮೆ ಬಂತು ಎಂದು ಹಿಡಿಯಬೇಕಾದರೆ ಆ ವಸ್ತುವನ್ನು ನಿಮ್ಮ ವಶಕ್ಕೇ ಒಪ್ಪಿಸಿರಬೇಕು, ನಿಮ್ಮ ಅಲಕ್ಷ್ಯವೇ ಕಾರಣವಾಗಿರಬೇಕು, ವಿವರಣೆಗೆ ಅವಕಾಶ ಕೊಟ್ಟಿರಬೇಕು. ಇಡೀ ಅಂಗಡಿಯ ಸ್ಟಾಕ್ ನಷ್ಟವನ್ನು ಎಲ್ಲ ಸೇಲ್ಸ್ ಹುಡುಗಿಯರ ತಲೆಗೆ ಸಮನಾಗಿ ಹಂಚುವ ಪದ್ಧತಿಗೆ ಕಾನೂನಿನಲ್ಲಿ ಜಾಗವಿಲ್ಲ. ಎಲ್ಲ ಕಡಿತ ಸೇರಿ ಸಂಬಳದ ಅರ್ಧವನ್ನು ಮೀರುವಂತಿಲ್ಲ.

ಸಿಟ್ಟಿನಲ್ಲಿ ಹತ್ತಾರು ಮಂದಿ ಒಟ್ಟಿಗೆ ಕೆಲಸ ನಿಲ್ಲಿಸಿ ಹೊರಬರುವ ಮುನ್ನ ಒಂದು ಎಚ್ಚರಿಕೆ. ಹತ್ತು ಅಥವಾ ಹೆಚ್ಚು ನೌಕರರು ಸೂಚನೆಯಿಲ್ಲದೆ, ಸಕಾರಣವಿಲ್ಲದೆ ಒಟ್ಟಾಗಿ ಗೈರಾದರೆ, ಒಪ್ಪಂದದಲ್ಲಿ ಅಂಥ ಷರತ್ತಿದ್ದಲ್ಲಿ ಎಂಟು ದಿನಗಳವರೆಗಿನ ಸಂಬಳ ಕಡಿಯಲು ಸಂಹಿತೆ ಅವಕಾಶ ಕೊಡುತ್ತದೆ. ಮೊದಲು ಬರವಣಿಗೆಯಲ್ಲಿ ಕೇಳಿ.

ಹಂತ 4: ಬರವಣಿಗೆಯಲ್ಲಿ ಕೇಳಿ

ಬಾಯಿಮಾತಿನಲ್ಲಿ ಎಷ್ಟು ಸಲ ಕೇಳಿದರೂ ಕಾಗದದ ಮೇಲೆ ಅದು ಸೊನ್ನೆ. ಪತ್ರ ಚಿಕ್ಕದಾಗಿರಲಿ, ಬೈಗುಳ ಬೇಡ, ಅಂಕಿ ಇರಲಿ. ಹೀಗೆ:

*ಮಾನ್ಯರೇ, ನಾನು ತಮ್ಮ ಸಂಸ್ಥೆಯಲ್ಲಿ ಇಂಥ ತಾರೀಕಿನಿಂದ ಇಂಥ ಹುದ್ದೆಯಲ್ಲಿ ಕೆಲಸ ಮಾಡುತ್ತಿದ್ದೇನೆ. ನನ್ನ ತಿಂಗಳ ಸಂಬಳ ಇಷ್ಟು. ಇಂಥ ಮತ್ತು ಇಂಥ ತಿಂಗಳ ಸಂಬಳ ಇಷ್ಟು ರೂಪಾಯಿ, ಇಷ್ಟು ಗಂಟೆಗಳ ಓಟಿ ವ್ಯತ್ಯಾಸ ಇಷ್ಟು ರೂಪಾಯಿ, ಒಟ್ಟು ಇಷ್ಟು ರೂಪಾಯಿ ಈವರೆಗೆ ಪಾವತಿಯಾಗಿಲ್ಲ. ಈ ಪತ್ರ ತಲುಪಿದ ಏಳು ದಿನಗಳೊಳಗೆ ನನ್ನ ಬ್ಯಾಂಕ್ ಖಾತೆಗೆ ಜಮೆ ಮಾಡಬೇಕೆಂದು ಕೋರುತ್ತೇನೆ. ತಪ್ಪಿದಲ್ಲಿ ಕಾರ್ಮಿಕ ಇಲಾಖೆಯ ಸಕ್ಷಮ ಪ್ರಾಧಿಕಾರದ ಮುಂದೆ ವೇತನ ಸಂಹಿತೆ, 2019ರ ಅಡಿ ಅರ್ಜಿ ಸಲ್ಲಿಸಬೇಕಾಗುತ್ತದೆ.*

ಕೆಳಗೆ ಸಹಿ, ತಾರೀಕು, ವಿಳಾಸ. ಎರಡು ಪ್ರತಿ ಮಾಡಿ ಕಚೇರಿಯಲ್ಲಿ ಒಂದನ್ನು ಕೊಟ್ಟು ಇನ್ನೊಂದಕ್ಕೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ತೆಗೆದುಕೊಳ್ಳಲು ಒಪ್ಪದಿದ್ದರೆ ಸ್ಪೀಡ್ ಪೋಸ್ಟ್‌ನಲ್ಲಿ ಕಳುಹಿಸಿ, ರಸೀದಿ ಮತ್ತು ತಲುಪಿದ ವಿವರದ ಮುದ್ರಿತ ಪ್ರತಿ ಇಟ್ಟುಕೊಳ್ಳಿ. ಇಮೇಲ್ ಇರುವ ಕಂಪನಿಯಾದರೆ ಇಮೇಲೂ ಸಾಕು, ಆದರೆ ಕಂಪನಿ ಕೊಟ್ಟ ಖಾತೆಯಿಂದ ಬೇಡ. ಅದು ನಾಳೆ ಮುಚ್ಚಿಹೋಗುತ್ತದೆ.

ಕೆಲಸ ಬಿಟ್ಟವರಿಗೆ, ತೆಗೆದುಹಾಕಲ್ಪಟ್ಟವರಿಗೆ ಏಳನೆಯ ತಾರೀಕಿನವರೆಗೂ ಕಾಯುವ ಅಗತ್ಯವಿಲ್ಲ. ರಾಜೀನಾಮೆಯಾಗಲಿ, ವಜಾ ಆಗಲಿ, ಎರಡು ಕೆಲಸದ ದಿನಗಳೊಳಗೆ ಸಂಬಳ ಚುಕ್ತಾ ಮಾಡಬೇಕು. ‘ಫುಲ್ ಆ್ಯಂಡ್ ಫೈನಲ್‌ಗೆ 45 ದಿನ’ ಎಂಬುದು ಕಂಪನಿಗಳು ತಾವೇ ಮಾಡಿಕೊಂಡ ರೂಢಿ.

ಹಂತ 5: ಸರಿಯಾದ ಕಚೇರಿಯ ಬಾಗಿಲು ತಟ್ಟಿ

ಬಹಳ ಜನ ಮೊದಲು ಪೊಲೀಸ್ ಠಾಣೆಗೆ ಹೋಗುತ್ತಾರೆ. ಸಂಬಳ ವಸೂಲಿ ಠಾಣೆಯ ಕೆಲಸವಲ್ಲ. ಹೊಡೆತ, ಬೆದರಿಕೆ, ಕೂಡಿಹಾಕುವುದು ನಡೆದಿದ್ದರೆ ಮಾತ್ರ ಅಲ್ಲಿಗೆ ಹೋಗಿ.

ಅಂಗಡಿ, ಹೋಟೆಲ್, ಖಾಸಗಿ ಕಚೇರಿ, ಸೆಕ್ಯುರಿಟಿ ಏಜೆನ್ಸಿಯವರು ತಾಲ್ಲೂಕಿನ ಅಥವಾ ವೃತ್ತದ ಕಾರ್ಮಿಕ ನಿರೀಕ್ಷಕರಲ್ಲಿ ಮೊದಲು ದೂರು ಕೊಡಬಹುದು; ಜಿಲ್ಲೆಯಲ್ಲಿ ಕಾರ್ಮಿಕ ಅಧಿಕಾರಿ, ಅವರ ಮೇಲೆ ಸಹಾಯಕ ಕಾರ್ಮಿಕ ಆಯುಕ್ತರು ಇರುತ್ತಾರೆ. ಬೆಂಗಳೂರಿನಲ್ಲಿ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನದಲ್ಲಿ ಇಲಾಖೆಯ ಪ್ರಧಾನ ಕಚೇರಿ ಇದೆ. ನಿಮ್ಮ ಪ್ರದೇಶಕ್ಕೆ ಯಾವ ಕಚೇರಿ ಎಂದು ತಿಳಿಯದಿದ್ದರೆ ಕಾರ್ಮಿಕ ಸಹಾಯವಾಣಿ 155214ಕ್ಕೆ ಕರೆ ಮಾಡಿ. ಕಾರ್ಖಾನೆಯೊಳಗಿನ ಕೆಲಸದ ಅವಧಿ, ಸುರಕ್ಷತೆಯ ದೂರು ಕಾರ್ಖಾನೆಗಳು ಮತ್ತು ಬಾಯ್ಲರುಗಳ ಇಲಾಖೆಗೆ ಹೋಗಬೇಕು. ಬ್ಯಾಂಕ್, ರೈಲ್ವೆ, ವಿಮಾನ ನಿಲ್ದಾಣ, ಗಣಿಗಳಂಥ ಕಡೆ ಇರುವವರಿಗೆ, ಗುತ್ತಿಗೆಯ ಮೇಲೆ ಇರುವವರಿಗೂ, ಕೇಂದ್ರ ಸರ್ಕಾರದ ಕಾರ್ಮಿಕ ಆಯುಕ್ತರ ಕಚೇರಿ. ರೈಲು ನಿಲ್ದಾಣದಲ್ಲಿ ಕಸ ಗುಡಿಸುವವರು ರಾಜ್ಯದ ಕಚೇರಿಗೆ ಅರ್ಜಿ ಕೊಟ್ಟರೆ ತಿಂಗಳುಗಟ್ಟಲೆ ಕಳೆದ ಮೇಲೆ ‘ನಮ್ಮ ವ್ಯಾಪ್ತಿಗೆ ಬರುವುದಿಲ್ಲ’ ಎಂಬ ಹಿಂಬರಹ ಬರುತ್ತದೆ.

ದೂರಿನಿಂದ ಕೆಲಸವಾಗದಿದ್ದರೆ ಕಾರ್ಮಿಕ ಇಲಾಖೆಯ ಸಕ್ಷಮ ಪ್ರಾಧಿಕಾರದ ಮುಂದೆ ವೇತನ ಸಂಹಿತೆಯ 45ನೇ ಕಲಮಿನಡಿ ಕ್ಲೇಮ್ ಅರ್ಜಿ. ಬಾಕಿ ಹುಟ್ಟಿದ ದಿನದಿಂದ ಮೂರು ವರ್ಷದೊಳಗೆ ಸಲ್ಲಿಸಬೇಕು. ಪ್ರಾಧಿಕಾರವು ಬಾಕಿಯ ಜೊತೆಗೆ ಅದರ ಹತ್ತು ಪಟ್ಟಿನವರೆಗೂ ಪರಿಹಾರ ವಿಧಿಸಬಹುದು, ಮೂರು ತಿಂಗಳೊಳಗೆ ತೀರ್ಮಾನಿಸಲು ಪ್ರಯತ್ನಿಸಬೇಕು. ನೀವು ಸದಸ್ಯರಾಗಿರುವ ನೋಂದಾಯಿತ ಕಾರ್ಮಿಕ ಸಂಘವೂ ನಿಮ್ಮ ಪರವಾಗಿ ಅರ್ಜಿ ಹಾಕಬಹುದು. ಎಷ್ಟು ಮಂದಿ ನೌಕರರಿದ್ದರೂ ಒಂದೇ ಅರ್ಜಿ ಸಾಕು. ಸಾಧ್ಯವಾದರೆ ಹಾಗೆಯೇ ಮಾಡಿ. ಒಬ್ಬರೇ ಹೋದರೆ ಮಾಲೀಕನ ಸಿಟ್ಟೆಲ್ಲ ಒಬ್ಬರ ಮೇಲೆ ಬೀಳುತ್ತದೆ.

ದೂರು ಕೊಟ್ಟ ಕಾರಣಕ್ಕೆ ಕೆಲಸದಿಂದ ತೆಗೆದರೆ? ಅಂಗಡಿ ಕಾಯ್ದೆಯ 39ನೇ ಕಲಮಿನ ಪ್ರಕಾರ ಆರು ತಿಂಗಳು ಸತತ ಸೇವೆ ಸಲ್ಲಿಸಿದವರನ್ನು ಸಕಾರಣವಿಲ್ಲದೆ, ಒಂದು ತಿಂಗಳ ನೋಟಿಸ್ ಅಥವಾ ಅದರ ಬದಲಿಗೆ ಸಂಬಳ ಕೊಡದೆ ತೆಗೆಯುವಂತಿಲ್ಲ. ಮೇಲ್ಮನವಿಯ ದಾರಿಯೂ ಇದೆ. ಆ ವಿಷಯವನ್ನು ಪ್ರತ್ಯೇಕ ಅರ್ಜಿಯಾಗಿ, ತಡಮಾಡದೆ ಸಲ್ಲಿಸಿ.

ವಕೀಲರಿಗೆ ಕೊಡಲು ಹಣವಿಲ್ಲದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಅದರ ಸಹಾಯವಾಣಿ 15100. ಮಹಿಳೆಯರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ, ಕೈಗಾರಿಕಾ ಕಾರ್ಮಿಕರಿಗೆ ಉಚಿತ ಕಾನೂನು ನೆರವು ಹಕ್ಕಾಗಿಯೇ ಸಿಗುತ್ತದೆ.

ಗುತ್ತಿಗೆ, ಮನೆಗೆಲಸ, ಡೆಲಿವರಿ

ಗುತ್ತಿಗೆದಾರ ಸಂಬಳ ಕೊಡದೆ ಮಾಯವಾದರೆ ಮೂಲ ಮಾಲೀಕನೇ ಕೊಟ್ಟು, ಆಮೇಲೆ ಗುತ್ತಿಗೆದಾರನಿಂದ ವಸೂಲು ಮಾಡಿಕೊಳ್ಳಬೇಕು. ಅರ್ಜಿಯಲ್ಲಿ ಇಬ್ಬರ ಹೆಸರನ್ನೂ ಎದುರುದಾರರಾಗಿ ಹಾಕಿ. ಈ ಒಂದು ಸಾಲು ಬಿಟ್ಟುಹೋದ ಅರ್ಜಿಗಳು ಗುತ್ತಿಗೆದಾರನ ವಿಳಾಸ ಸಿಗದೆ ನಿಂತುಬಿಡುತ್ತವೆ.

ಮನೆಗೆಲಸದವರಿಗೆ ಕರ್ನಾಟಕ 2004ರಲ್ಲೇ ಕನಿಷ್ಠ ವೇತನ ನಿಗದಿ ಮಾಡಿತ್ತು. ಆ ದರಪಟ್ಟಿ ಇದೆ ಎಂಬುದು ಕೊಡುವವರಿಗೂ ಗೊತ್ತಿಲ್ಲ, ಪಡೆಯುವವರಿಗೂ ಗೊತ್ತಿಲ್ಲ. ಆ್ಯಪ್ ಮೂಲಕ ಡೆಲಿವರಿ, ಟ್ಯಾಕ್ಸಿ ಕೆಲಸ ಮಾಡುವವರ ದಾರಿ ಬೇರೆ. ಅವರಿಗಾಗಿ 2025ರಲ್ಲಿ ರಾಜ್ಯ ಪ್ರತ್ಯೇಕ ಕಾನೂನು ತಂದಿದೆ; ಕಾರಣ ತಿಳಿಸಿ 14 ದಿನ ಮೊದಲು ನೋಟಿಸ್ ಕೊಡದೆ ಕೆಲಸದಿಂದ ತೆಗೆಯಬಾರದು ಎಂಬುದು ಅದರಲ್ಲಿದೆ.

ಹಂತ 6: ವಿಚಾರಣೆ, ರಾಜಿ, ವಸೂಲಿ

ತಾರೀಕು ತಪ್ಪಿಸಬೇಡಿ. ಎರಡು ಸಲ ನೀವು ಬಾರದಿದ್ದರೆ ಅರ್ಜಿ ವಜಾ ಆಗುವ ಅಪಾಯವಿದೆ, ಮಾಲೀಕನ ಕಡೆಯವರು ಕಾಯುವುದೂ ಅದಕ್ಕೇ. ಮೂಲ ದಾಖಲೆಗಳನ್ನು ತೋರಿಸಿ, ಪ್ರತಿಗಳನ್ನು ಮಾತ್ರ ಕೊಡಿ. ಹಾಜರಿ ಮತ್ತು ಸಂಬಳದ ರಿಜಿಸ್ಟರ್‌ಗಳನ್ನು ಮಾಲೀಕ ಹಾಜರುಪಡಿಸಬೇಕೆಂದು ಬರವಣಿಗೆಯಲ್ಲಿ ಕೋರಿ. ರಿಜಿಸ್ಟರ್ ಇಡುವುದು ಅವರ ಕರ್ತವ್ಯ. ತರದಿದ್ದರೆ ನಿಮ್ಮ ನೋಟ್‌ಬುಕ್ಕಿನ ತೂಕ ಹೆಚ್ಚುತ್ತದೆ.

ಹೆಚ್ಚಿನವು ರಾಜಿಯಲ್ಲಿ ಮುಗಿಯುತ್ತವೆ. ರಾಜಿ ತಪ್ಪಲ್ಲ, ಆದರೆ ಓದದೆ ಸಹಿ ಹಾಕುವುದು ತಪ್ಪು. ‘ನನಗೆ ಸಂಸ್ಥೆಯಿಂದ ಬರಬೇಕಾದ ಎಲ್ಲ ಬಾಕಿ ತೀರಿದೆ’ ಎಂಬ ಸಾಲಿದ್ದರೆ ಗ್ರಾಚ್ಯುಟಿ, ಬೋನಸ್ ಕೂಡ ಅದರಲ್ಲಿ ಮುಳುಗುತ್ತವೆ. ಯಾವ ತಿಂಗಳ ಯಾವ ಬಾಬ್ತು, ಎಷ್ಟು ಎಂದು ಬರೆಸಿ. ಚೆಕ್ ಕೊಟ್ಟರೆ ಸಂಖ್ಯೆ, ತಾರೀಕು, ಮೊತ್ತ ರಾಜಿ ಪತ್ರದಲ್ಲೇ ನಮೂದಾಗಲಿ, ಹಣ ಜಮೆಯಾದ ಮೇಲೆಯೇ ಪ್ರಕರಣ ಮುಕ್ತಾಯ ಎಂದೂ ಬರೆಸಿ. ಚೆಕ್ ಬೌನ್ಸ್ ಆದರೆ ಬ್ಯಾಂಕಿನಿಂದ ಮಾಹಿತಿ ಬಂದ 30 ದಿನಗಳೊಳಗೆ ನೋಟಿಸ್ ಕೊಡಬೇಕು.

ಆದೇಶ ನಿಮ್ಮ ಪರವಾಗಿ ಬಂದರೂ ಮಾಲೀಕ ಕೊಡದೆ ಕೂತರೆ ಪ್ರಾಧಿಕಾರದಿಂದ ವಸೂಲಾತಿ ಪ್ರಮಾಣಪತ್ರ ಕೇಳಿ. ಅದು ಜಿಲ್ಲಾಧಿಕಾರಿಗೆ ಹೋಗುತ್ತದೆ, ಅಲ್ಲಿಂದ ತಹಶೀಲ್ದಾರರ ಕೈಗೆ ಬರುತ್ತದೆ, ಭೂಕಂದಾಯದ ಬಾಕಿಯಂತೆಯೇ ಆಸ್ತಿ ಜಪ್ತಿ ಮಾಡಿ ವಸೂಲು ಮಾಡಬಹುದು. ಕಡತ ತಾನಾಗಿ ಚಲಿಸುವುದಿಲ್ಲ. ಪ್ರಮಾಣಪತ್ರದ ಸಂಖ್ಯೆ ಮತ್ತು ತಾರೀಕನ್ನು ಬರೆದುಕೊಂಡು ತಾಲ್ಲೂಕು ಕಚೇರಿಗೆ ನೀವೇ ಹೋಗಿ. ಮಾಲೀಕನ ಬ್ಯಾಂಕ್ ಖಾತೆಯ ವಿವರ ನಿಮ್ಮ ಹಳೆಯ ಸಂಬಳದ ಚೆಕ್ಕಿನಲ್ಲಿ ಸಿಗುತ್ತದೆ. ವಾಹನಗಳ ಸಂಖ್ಯೆ, ಅಂಗಡಿಯ ಕಟ್ಟಡ ಸ್ವಂತದ್ದೋ ಬಾಡಿಗೆಯದೋ ಎಂಬ ಮಾಹಿತಿ ನಿಮಗೆ ತಿಳಿದಿರುವಷ್ಟು ತಹಶೀಲ್ದಾರರಿಗೆ ತಿಳಿದಿರುವುದಿಲ್ಲ. ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದು, ಆದೇಶದ ಪ್ರತಿ ಲಗತ್ತಿಸಿ, ಟಪಾಲು ವಿಭಾಗದಲ್ಲಿ ಕೊಟ್ಟು ಸ್ವೀಕೃತಿ ಪಡೆಯಿರಿ.